ವೈದ್ಯರು ಕೇಳಬೇಕಾದ ಒಂದು ಪ್ರಶ್ನೆ

ಹದಿನೈದರ ಹುಡುಗನೊಬ್ಬ ಹಲ್ಲುನೋವೆಂದು ತಂದೆಯೊಡನೆ ವೈದ್ಯರಲ್ಲಿಗೆ ಬಂದನೆನ್ನೋಣ. ವೈದ್ಯರು ಹಲ್ಲು ನೋಡಿ, ಮಾತ್ರೆ ಬರೆದುಕೊಟ್ಟರು. ಹುಡುಗನ ಜೇಬಿನಲ್ಲಿದ್ದ ಅಡಕೆ-ತಂಬಾಕಿನ ಪೊಟ್ಟಣದ ಮಾತೇ ಏಳಲಿಲ್ಲ. ಕೇಳಬೇಕಾದವರು ಕೇಳಲಿಲ್ಲ, ಹುಡುಗ ತಾನಾಗಿ ಹೇಳುವವನಲ್ಲ.

ಕೇಳುಗರೇ, ಇದು ಅಪರೂಪದ ಸಂಗತಿಯಲ್ಲ. 2019ರಲ್ಲಿ ನಮ್ಮ ದೇಶದ ಶಾಲೆಗಳಲ್ಲಿ ನಡೆದ ಸಮೀಕ್ಷೆಯಂತೆ, 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ನೂರಕ್ಕೆ 8.5ರಷ್ಟು ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2003ರ ಕಾಯಿದೆ 18 ತುಂಬದವರಿಗೆ ತಂಬಾಕು ಮಾರುವುದನ್ನು ನಿಷೇಧಿಸಿತು. ಕರ್ನಾಟಕವು 2025ರಲ್ಲಿ ಆ ವಯೋಮಿತಿಯನ್ನು 21ಕ್ಕೆ ಏರಿಸಿತು. ಕಾನೂನು ಅಂಗಡಿಕಾರನ ಕೈಯನ್ನು ತಡೆಯಬಹುದು. ಹುಡುಗನ ಮನಸ್ಸನ್ನು ತಿರುಗಿಸಲು ಮಾತು ಬೇಕು. ಬೆಳೆಯುತ್ತಿರುವ ಮೆದುಳು ನಿಕೋಟಿನ್‌ಗೆ ಬೇಗನೆ ವಶವಾಗುತ್ತದೆ; ಆದ್ದರಿಂದ ಆ ಮಾತು ತಡವಾಗಬಾರದು.

ವೈದ್ಯರು ಮಾಡಬೇಕಾದುದು ಕಷ್ಟದ ಕೆಲಸವಲ್ಲ. ಮೊದಲು ತಂದೆತಾಯಿಯರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಬೇಕು. ತಂದೆಯ ಎದುರು ಯಾವ ಮಗನೂ ನಿಜವನ್ನು ಒಪ್ಪಿಕೊಳ್ಳಲಾರ. ಬಳಿಕ ಜ್ವರವನ್ನು ವಿಚಾರಿಸಿದಷ್ಟೇ ಸಹಜವಾಗಿ, "ನಿನ್ನ ಗೆಳೆಯರು ಸೇದುತ್ತಾರೆಯೇ, ಜಗಿಯುತ್ತಾರೆಯೇ? ನೀನು?" ಎಂದು ಕೇಳಬೇಕು. ಇಲ್ಲವೆಂದವನಿಗೆ ಶಹಭಾಸ್ ಎನ್ನಬೇಕು. ಶುರುಮಾಡದಂತೆ ತಡೆಯುವುದೇ ಅತಿ ಸುಲಭದ ಚಿಕಿತ್ಸೆ.

ಹೌದೆಂದವನನ್ನು ಗದರಿಸಬಾರದು, ಗದರಿದರೆ ಮುಂದಿನ ಸಲ ಸುಳ್ಳು ಹೇಳಿಯಾನು. ಐವತ್ತರಲ್ಲಿ ಬರುವ ಕ್ಯಾನ್ಸರ್ ಹದಿನೈದರ ಮನಸ್ಸಿಗೆ ಬಲು ದೂರ. ಬಾಯಿಯ ವಾಸನೆ, ಕರೆಗಟ್ಟಿದ ಹಲ್ಲು, ಕಬಡ್ಡಿಯಲ್ಲಿ ಕಟ್ಟುವ ಉಸಿರು ಇವು ಹತ್ತಿರದವು. ತನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ತೂರಿಸಲು ಹೇಳಿ ನೋಡಿ. ಅಡಕೆಯ ಪೊಟ್ಟಣಗಳನ್ನು ಸದಾ ಜಗಿಯುವವರಲ್ಲಿ ಕೆನ್ನೆಯ ಒಳಪೊರೆ ಗಡುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಬೆರಳು ಹಿಡಿಸದಿದ್ದರೆ ಬೇರೆ ಉಪದೇಶ ಬೇಕಿಲ್ಲ.

ಬಿಡುವ ಮನಸ್ಸಿದ್ದರೆ ಒಂದು ದಿನವನ್ನು ಅವನಿಂದಲೇ ಗೊತ್ತುಮಾಡಿಸಬೇಕು. ಮೊದಲ ವಾರ ಸಿಡಿಮಿಡಿ, ನಿದ್ದೆಗೇಡು ಸಹಜ. ಚಪಲ ಎದ್ದಾಗ ಕೆಲವು ನಿಮಿಷ ತಡೆದರೆ ಅದು ಇಳಿಯುತ್ತದೆ ಎಂದು ಮುಂಚೆಯೇ ತಿಳಿಸಬೇಕು. ಈ ವಯಸ್ಸಿನಲ್ಲಿ ಔಷಧಿಗಿಂತ ಮಾತಿನ ಆಸರೆಯೇ ಮುಖ್ಯ. 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಹಣ ತೆರದೆ ದೂರವಾಣಿ ಮಾಡಬಹುದು. ವಾರದ ಬಳಿಕ ಮತ್ತೆ ಬರಹೇಳಬೇಕು. ಜಾರಿದ್ದರೆ ಹೊಸದೊಂದು ದಿನವನ್ನು ಗೊತ್ತುಮಾಡಿದರಾಯಿತು.

ಇನ್ನು ತಂದೆತಾಯಿಯರಿಗೊಂದು ಮಾತು. ವೈದ್ಯರು ನಿಮ್ಮನ್ನು ಹೊರಗೆ ಕೂರಲು ಹೇಳಿದಾಗ ಬೇಸರಿಸಬೇಡಿ. ಒಳಗೆ ಏನಾಯಿತೆಂದು ಮಗನನ್ನು ಕೆದಕಬೇಡಿ. ಆ ಐದು ನಿಮಿಷ ನಿಮ್ಮ ಮಗನಿಗೆ ಸೇರಿದ್ದು.