ಪಿತ್ತವಲ್ಲ ಅತ್ತಿಗೆ, ಬಿ.ಪಿ.!

ತವರೂರಿನಲ್ಲಿರುವ ನನ್ನ ಅತ್ತಿಗೆಗೆ ಆರು ತಿಂಗಳಿಂದ ತಲೆಸುತ್ತು. "ಪಿತ್ತ ಕಣೇ" ಅಂತ ಜೀರಿಗೆ ಕಷಾಯ ಕುಡಿದು ಮತ್ತೆ ಒಲೆ ಮುಂದೆ ನಿಲ್ಲೋರು. ಅಣ್ಣನಿಗೆ ಎರಡು ಸೀನು ಬಂದರೆ ಪೇಟೆಯ ಡಾಕ್ಟರ ಹತ್ತಿರ ಓಡಿಸುತ್ತಿದ್ದರು. ತಮ್ಮ ಸರದಿಗೆ ಮಾತ್ರ "ನಾಳೆ ನೋಡೋಣ ಬಿಡು". ನಾವೆಲ್ಲ ಹೀಗೇ ಅಲ್ಲವೇ? ಕಡೆಗೊಂದು ದಿನ ಊರಿನ ಆರೋಗ್ಯ ಉಪಕೇಂದ್ರದ ಸಿಸ್ಟರ್ ತೋಳಿಗೆ ಪಟ್ಟಿ ಸುತ್ತಿ ನೋಡಿದಾಗ ಗೊತ್ತಾಯಿತು, ಅದು ರಕ್ತದೊತ್ತಡ. ಅಲ್ಲಿಂದಲೇ ಫೋನಿನ ಪರದೆಯಲ್ಲಿ ಡಾಕ್ಟರಿಗೆ ತೋರಿಸಿ ಮಾತ್ರೆ ಬರೆಸಿದರು.

ನರ್ಸ್ ಎಂದರೆ ಸೂಜಿ ಚುಚ್ಚುವವರು, ಡಾಕ್ಟರ ಹಿಂದೆ ನಿಲ್ಲುವವರು ಎಂದುಕೊಂಡಿದ್ದ ನಮಗೆ ಇದು ಹೊಸತು. ಆದರೆ ಯೋಚನೆ ಹಳೆಯದೇ. ಅಮೆರಿಕದ ಕೊಲರಾಡೋದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್, ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಜೊತೆಗೂಡಿ 1965ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಒಂದು ತರಬೇತಿ ಶುರು ಮಾಡಿದರು. ಮಗುವನ್ನು ಪರೀಕ್ಷಿಸುವುದು, ಸಣ್ಣಪುಟ್ಟ ಕಾಯಿಲೆಗೆ ತಾವೇ ಉಪಚಾರ ಮಾಡುವುದು, ಮಿಕ್ಕದ್ದನ್ನು ಡಾಕ್ಟರಿಗೆ ಕಳಿಸುವುದು ಅಲ್ಲಿನ ಪಾಠ. ಹೀಗೆ ಬಂದವರು 'ನರ್ಸ್ ಪ್ರಾಕ್ಟೀಷನರ್'. ನರ್ಸಿಂಗ್ ಕಲಿಸುವವರೇ ಇದಕ್ಕೆ ಅಡ್ಡಿ ಮಾಡಿದರಂತೆ! (ಮನೆಯವರೇ ಕಾಲೆಳೆಯುವುದು ನಮಗೇನು ಹೊಸದೇ?) ಫೋರ್ಡ್ 2025ರಲ್ಲಿ, 104ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂದು ಅಲ್ಲಿನ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಈ ನರ್ಸುಗಳು ಡಾಕ್ಟರ ಮೇಲ್ವಿಚಾರಣೆಯಿಲ್ಲದೆ ಔಷಧಿ ಬರೆಯಬಹುದು.

ನಮ್ಮಲ್ಲಿ ಅಷ್ಟು ದೂರ ಹೋಗಿಲ್ಲ. 2018ರಿಂದ ಉಪಕೇಂದ್ರಗಳಿಗೆ 'ಸಮುದಾಯ ಆರೋಗ್ಯ ಅಧಿಕಾರಿ'ಗಳು ಬಂದಿದ್ದಾರೆ. ಹೆಚ್ಚಿನವರು ನರ್ಸಿಂಗ್ ಓದಿ, ಮೇಲೆ ಆರು ತಿಂಗಳ ತರಬೇತಿ ಪಡೆದವರು. ಬಯಲು ಪ್ರದೇಶದಲ್ಲಿ ಸುಮಾರು 5000 ಜನಕ್ಕೆ ಒಂದು ಉಪಕೇಂದ್ರ. ಡಾಕ್ಟರು ಗೊತ್ತುಮಾಡಿದ ಬಿ.ಪಿ., ಸಕ್ಕರೆ ಮಾತ್ರೆಯನ್ನು ತಿಂಗಳು ತಿಂಗಳು ಇವರೇ ಕೊಡುತ್ತಾರೆ. ಹೆರಿಗೆಗೂ ಇಂಥ ನರ್ಸುಗಳನ್ನು 18 ತಿಂಗಳು ತರಬೇತಿ ಕೊಟ್ಟು ತಯಾರು ಮಾಡಲು ಕೇಂದ್ರ ಸರ್ಕಾರ ಅದೇ ವರ್ಷ ಮಾರ್ಗಸೂಚಿ ತಂದಿತು.

ಆದರೆ ಒಂದು ಮಾತು. ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಬಹಳ ಮಂದಿ ಗುತ್ತಿಗೆಯ ಮೇಲಿರುವವರು. ಊರಿನ ಹೆಂಗಸರ ಗುಟ್ಟೆಲ್ಲ ನಂಬಿ ಹೇಳಿಕೊಂಡ ಮೇಲೆ, ಮುಂದಿನ ವರ್ಷ ಆ ಕುರ್ಚಿಯಲ್ಲಿ ಬೇರೆ ಮುಖವಿದ್ದರೆ ಯಾರಿಗೆ ಹೇಳುವುದು? ಇವರನ್ನು ಕಾಯಂ ಮಾಡದೆ ಇದು ಬೇರೂರದು ಎಂದೇ ನನಗನ್ನಿಸುತ್ತದೆ.

ಅಂದಹಾಗೆ, 30 ದಾಟಿದವರಿಗೆ ಅಲ್ಲಿ ಬಿ.ಪಿ., ಸಕ್ಕರೆಯ ಜೊತೆಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆಯೂ ಉಂಟು. ಹಣ ಕೊಡಬೇಕಿಲ್ಲ. ಎದೆಯಲ್ಲೊಂದು ಗಂಟು ಕಂಡು ಯಾರಿಗೂ ಹೇಳದೆ ಕೂತಿದ್ದರೆ, ನಾಳಿನ ಅಡಿಗೆ ಸ್ವಲ್ಪ ತಡವಾದರೂ ಸರಿ, ಮೊದಲು ಹೋಗಿ ಬನ್ನಿ. ಒಬ್ಬರೇ ಹೋಗಲು ಸಂಕೋಚವಾದರೆ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.