ಹಗೇವಿದ್ದ ಮನೆಗಳು

ಕುಣಿಗಲ್ ತಾಲ್ಲೂಕಿನ ಅಮೃತೂರು ಸೀಮೆಯಲ್ಲಿ ಹಳೇ ಬೇಸಾಯದ ಮನೆಯೊಂದರ ವಯಸ್ಸು ಕೇಳಿದರೆ 'ನಮ್ಮ ಮುತ್ತಾತನ ಕಾಲದ್ದು' ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಇಸವಿ ಬಿಟ್ಟು ರಾಗಿ ಎಲ್ಲಿ ತುಂಬುತ್ತಿದ್ದರು ಎಂದು ಕೇಳಬೇಕು. ಆಗ ಮನೆಯ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹಳೇ ಮೈಸೂರಿನ ತೊಟ್ಟಿಮನೆಯ ಕಟ್ಟು ನಮಗೆ ಗೊತ್ತಿರುವುದೇ. ಮುಂದೆ ಜಗುಲಿ, ತಲೆ ಬಗ್ಗಿಸಿ ದಾಟಬೇಕಾದ ಬಾಗಿಲು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ, ಮೇಲೆ ಅಟ್ಟ. ಎಷ್ಟೋ ಮನೆಗಳಲ್ಲಿ ಎತ್ತುಗಳೂ ಅದೇ ತಲೆಬಾಗಿಲಿನಿಂದ ಒಳಗೆ ಬಂದು ಪಕ್ಕದ ಕೊಟ್ಟಿಗೆ ಸೇರುತ್ತಿದ್ದವು. ಜೋಡಿ ಹಳ್ಳಿಕಾರ್ ಎತ್ತು ಕಟ್ಟಿದವನಿಗೆ ಕಳ್ಳರ ಭಯ ಇದ್ದೇ ಇತ್ತು.

ಸಂಪತ್ತು ಇರುತ್ತಿದ್ದುದು ನೆಲದಡಿಯಲ್ಲಿ. ಮನೆ ಮುಂದೆ, ಗಟ್ಟಿ ಮಣ್ಣಿನ ನೆಲದಲ್ಲಿ ಬಾಯಿ ಕಿರಿದು, ಹೊಟ್ಟೆ ಅಗಲವಾಗಿ ಅಗೆದ ಗುಂಡಿಯೇ ಹಗೇವು. ತಳಕ್ಕೂ ಸುತ್ತಲಿಗೂ ಹುಲ್ಲು ಕೊಟ್ಟು ರಾಗಿ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡದಲ್ಲಿ ಹುಳ ಬದುಕದು. ರಾಗಿಗೆ ಮೊದಲೇ ಹುಳದ ಕಾಟ ಕಡಿಮೆ. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಪಲ್ಲವೆಂದರೆ 100 ಸೇರು. ಹಗೇವಿನ ಅಳತೆ ಪಲ್ಲದಲ್ಲೇ. ತೆಗೆಯುವ ದಿನ ಮಾತ್ರ ಆತುರ ಕೂಡದು. ಚಪ್ಪಡಿ ಸರಿಸಿ, ಕೆಟ್ಟ ಗಾಳಿ ಹೋಗಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಆಳು ಇಳಿಯುವಂತಿಲ್ಲ. ಈ ಎಚ್ಚರ ತಪ್ಪಿ ಪ್ರಾಣ ಬಿಟ್ಟವರುಂಟು.

ಹಗೇವಿಗೆ ಕುತ್ತು ತಂದದ್ದು ನೀರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿಂಷಾ ನದಿಗೆ ಮಾರ್ಕೋನಹಳ್ಳಿ ಜಲಾಶಯ ಕಟ್ಟಲಾಯಿತು. ತುಂಬಿದಾಗ ಹೆಚ್ಚುವರಿ ನೀರನ್ನು ತಾನೇ ಹೊರಹಾಕುವ ಸೈಫನ್ನು ನೋಡಲು ಈಗಲೂ ಜನ ಬರುತ್ತಾರೆ. ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡದು ನಾಲೆ ಮಾಡಿದ ಕೆಲಸ. ನಾಲೆ ಹರಿದ ಕಡೆ ಹೊಲ ಗದ್ದೆಯಾಯಿತು, ಬದುವಿಗೆ ತೆಂಗು ಬಂತು. ನೆಲದ ತೇವ ಏರಿದಲ್ಲಿ ಹಗೇವು ಉಳಿಯುವುದಿಲ್ಲ. ಭತ್ತ ಪಡಸಾಲೆಯ ಕಣಜಕ್ಕೆ ಏರಿತು, ತೆಂಗಿನಕಾಯಿ ಕೊಬ್ಬರಿಯಾಗಲು ಅಟ್ಟ ಹತ್ತಿತು.

ಆಮೇಲಿನದು ಕಾಗದದ ಕಥೆ. 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿ ನಿಂತಿತು. ಗೇಣಿಯ ಧಾನ್ಯ ಅಳೆದು ತುಂಬುತ್ತಿದ್ದ ಮನೆಗಳಲ್ಲಿ ಪಡಸಾಲೆ ಖಾಲಿ ಬಿತ್ತು. 1994ರ ರಾಜ್ಯದ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತು. ಅಷ್ಟರಲ್ಲಿ ಅಣ್ಣತಮ್ಮಂದಿರು ಪಾಲಾಗಿ ತೊಟ್ಟಿಯ ನಡುವೆ ಇಟ್ಟಿಗೆ ಗೋಡೆ ಎದ್ದಿದ್ದ ಮನೆಗಳೂ ಇದ್ದವು. ಮಳೆ ನೀರು ಹೋಗುವ ಬಚ್ಚಲ ಬಾಯಿ ಒಬ್ಬರ ಪಾಲಿಗೆ, ಮಳೆ ಇಬ್ಬರ ಪಾಲಿಗೆ!

ಈಗ ಹಳೇ ಕಂಬ, ಬೋದಿಗೆ, ಬಾಗಿಲು ಕೊಳ್ಳುವವರು ಊರೂರು ಸುತ್ತುತ್ತಾರೆ. ಅವು ಬೆಂಗಳೂರಿನ ಹೋಟೆಲು, ರೆಸಾರ್ಟುಗಳಲ್ಲಿ ನಿಲ್ಲುತ್ತವೆ. ಮಾರಿದವರನ್ನು ಬೈಯುವುದು ಸುಲಭ. ಆದರೆ ಪ್ರತಿ ಬೇಸಿಗೆಯಲ್ಲೂ ಮಾಡಿನ ಮೇಲೆ ಹತ್ತಿ, ಕೋತಿ ಕದಲಿಸಿದ ನಾಟಿಹೆಂಚು ಕೈಯಾಡಿಸಬೇಕು. ಆ ಕೆಲಸ ಬಲ್ಲವರು ಊರಲ್ಲಿ ಸಿಗುವುದು ಅಪರೂಪ. ಸಿಕ್ಕವರು ಕೇಳುವ ಕೂಲಿಗೆ ಸಿಮೆಂಟ್ ಶೀಟೇ ಅಗ್ಗ.