ಗೆರೆಗುಂಟ ಸಾಗುವ ಗರಗಸ

ಬಡಿಗನ ಗರಗಸವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ತೊಲೆ ಹಲಗೆಗಳನ್ನು ನೇರವಾಗಿ ಸೀಳುವ ಅಗಲವಾದ ಅಲಗು. ನೇರ ನಡೆಯೇ ಅದರ ಗುಣ. ಬಳ್ಳಿಯಂತೆ ಬಳುಕಬೇಕೆಂದರೆ ಅದು ಒಪ್ಪದು. ತಾನು ಕೊರೆದ ಸಂದಿನಲ್ಲಿ ತಾನೇ ಸಿಕ್ಕಿಕೊಳ್ಳುವುದು. ಕಟ್ಟಿಗೆಯಲ್ಲಿ ಹೂವು, ಹಂಸ, ಜಾಲಂದ್ರಗಳನ್ನು ಬಿಡಿಸಲು ಬೇರೊಂದು ಗರಗಸವಿದೆ. ಅದರ ಅಲಗು ಗಟ್ಟಿ ದಾರದಷ್ಟು ಸಣ್ಣದು. ಎರಡೂ ತುದಿಗಳನ್ನು ಚೌಕಟ್ಟಿಗೆ ಬಿಗಿದಿರುವುದರಿಂದಲೇ ಅದು ನೆಟ್ಟಗೆ ನಿಲ್ಲುತ್ತದೆ. ಕೈಯಿಂದ ಆಡಿಸುವುದಕ್ಕೆ ಫ್ರೆಟ್ ಗರಗಸವೆಂದೂ, ಮೇಜಿಗೆ ಬಿಗಿದು ವಿದ್ಯುತ್ತಿನಿಂದ ಆಡಿಸುವುದಕ್ಕೆ ಸ್ಕ್ರೋಲ್ ಗರಗಸವೆಂದೂ ಹೆಸರು. ಇದನ್ನು ಬಿಡುವಿನ ವೇಳೆಯ ಹವ್ಯಾಸವಾಗಿ ಹಿಡಿದವರು ಹಲವು ದೇಶಗಳಲ್ಲಿದ್ದಾರೆ. ನಮ್ಮ ಮನೆಗಳಲ್ಲಿ ಇದರ ಪರಿಚಯ ಇನ್ನೂ ಕಡಿಮೆ.

ಈ ವಿದ್ಯೆಗೆ ರಾಜಮನ್ನಣೆ ತಂದವರಲ್ಲಿ ಫ್ರಾನ್ಸಿನ ಆಂದ್ರೆ ಶಾರ್ಲ್ ಬೂಲ್ ಪ್ರಮುಖನು. 1642ರಲ್ಲಿ ಹುಟ್ಟಿದ ಈತನಿಗೆ ಹದಿನಾಲ್ಕನೆಯ ಲೂಯಿ ದೊರೆಯ ಆಶ್ರಯ ದೊರೆತು, 1672ರಲ್ಲಿ ಲೂವ್ರ್ ಅರಮನೆಯಲ್ಲಿಯೇ ವಾಸಕ್ಕೆ ಸ್ಥಳ ಲಭಿಸಿತು. ಆಮೆಯ ಚಿಪ್ಪಿನ ತೆಳು ಹಾಳೆಯನ್ನೂ ಹಿತ್ತಾಳೆಯ ತಗಡನ್ನೂ ಒಂದರ ಮೇಲೊಂದಿರಿಸಿ ಒಟ್ಟಿಗೆ ಕೊರೆಯುವ ಕ್ರಮವು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಹೀಗೆ ಕೊರೆದಾಗ ಹಿತ್ತಾಳೆಯ ಹೂವು ಚಿಪ್ಪಿನ ಬಯಲಿನಲ್ಲಿ ಕೂಡುವುದು. ಚಿಪ್ಪಿನ ಹೂವು ಹಿತ್ತಾಳೆಯ ಬಯಲಿನಲ್ಲಿ ಕೂಡುವುದು. ಒಂದೇ ಕೊರೆತಕ್ಕೆ ಎರಡು ಫಲಕಗಳು! ಎಸೆಯಲು ಉಳಿಯುವುದು ಹೊಟ್ಟು ಮಾತ್ರ.

ಅರಮನೆಯ ಈ ಕೆಲಸ ಗೃಹಸ್ಥರ ಅಂಗಳಕ್ಕೆ ಇಳಿದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಹೊಲಿಗೆಯಂತ್ರದಂತೆ ಕಾಲಿನಿಂದ ತುಳಿದು ನಡೆಸುವ ಗರಗಸಗಳು ಇಂಗ್ಲೆಂಡ್, ಅಮೆರಿಕಗಳ ಮನೆಗಳನ್ನು ಹೊಕ್ಕವು. 1895ರಲ್ಲಿ ಇಂಗ್ಲೆಂಡಿನಲ್ಲಿ ‘ಹಾಬೀಸ್’ ಎಂಬ ವಾರಪತ್ರಿಕೆಯೇ ಆರಂಭವಾಗಿ, ಕೊರೆಯುವ ನಕ್ಷೆಗಳನ್ನು ಓದುಗರಿಗೆ ಒದಗಿಸತೊಡಗಿತು. ಮುಂದೆ 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಎಷ್ಟೋ ಮಂದಿ ನಿರುದ್ಯೋಗಿಗಳು ಮನೆಯಲ್ಲಿಯೇ ಜಿಗ್‌ಸಾ ಒಗಟುಗಳನ್ನು ಕೊರೆದು ಮಾರಿದರು, ಬಾಡಿಗೆಗೂ ಕೊಟ್ಟರು. ಬಿಡುವಿನ ವಿನೋದವೊಂದು ಹೊಟ್ಟೆಯ ಪಾಡಿಗೆ ಒದಗಿದ ಕಾಲವದು.

ಇನ್ನು ಕೆಲಸದ ರೀತಿ. ಉಳಿದ ಬಡಿಗತನದಲ್ಲಿ ಕಟ್ಟಿಗೆ ಸ್ಥಿರ, ಆಯುಧ ಚಲ. ಸ್ಕ್ರೋಲ್ ಗರಗಸದಲ್ಲಿ ಇದು ತಿರುಗುಮುರುಗು. ಅಲಗು ನಿಂತಲ್ಲಿಯೇ ಮೇಲೆ ಕೆಳಗೆ ಆಡುತ್ತಿರುವುದು. ಎರಡೂ ಕೈಗಳಿಂದ ಹಲಗೆಯನ್ನು ಮೇಜಿಗೆ ಒತ್ತಿ ಹಿಡಿದು, ಗೆರೆಯನ್ನು ಅಲಗಿನ ಬಾಯಿಗೆ ಮೆಲ್ಲನೆ ಉಣಿಸಬೇಕು. ಉಣಿಸಬೇಕೇ ಹೊರತು ತುರುಕಬಾರದು. ಒತ್ತಡ ಹೆಚ್ಚಾದರೆ ಅಲಗು ಹಿಂದಕ್ಕೆ ಬಾಗಿ, ಗೆರೆ ತಪ್ಪಿ, ಕೊನೆಗೆ ತುಂಡಾಗುವುದು. ಅಲಗಿನ ಹಲ್ಲುಗಳು ಮುಂದಕ್ಕೂ ಕೆಳಕ್ಕೂ ಮುಖಮಾಡಿರಬೇಕು. ಬಿಗಿಯನ್ನು ಪರೀಕ್ಷಿಸಲು ಏಕತಾರಿಯ ತಂತಿಯಂತೆ ಬೆರಳಿನಿಂದ ಮೀಟಿ ನೋಡುವುದುಂಟು. ಮಂಕು ಸದ್ದಾದರೆ ಸಡಿಲ, ಸ್ಪಷ್ಟವಾದ ನಾದವಾದರೆ ಸರಿ.

ಹೊಸಬರನ್ನು ಕಾಡುವ ಒಂದು ಸಂಗತಿ ಇದೆ. ಅಲಗನ್ನು ನೇರ ಗೆರೆಯ ಮೇಲಿಟ್ಟರೂ ಕೊರೆತ ಒಂದು ಪಕ್ಕಕ್ಕೆ ಎಳೆಯುತ್ತದೆ. ಕೈಯ ದೋಷವೆಂದು ಅವರು ಕೊರಗುತ್ತಾರೆ. ದೋಷ ಕೈಯದಲ್ಲ, ಅಲಗನ್ನು ತಯಾರಿಸುವಾಗ ಅದರ ಒಂದು ಅಂಚಿನಲ್ಲಿ ಸಣ್ಣ ಮುಳ್ಳು ಉಳಿದಿರುತ್ತದೆ, ಆ ಪಕ್ಕ ಹೆಚ್ಚು ಕತ್ತರಿಸುತ್ತದೆ. ಆದುದರಿಂದ ಹಲಗೆಯನ್ನು ತುಸು ಓರೆಯಾಗಿ ಹಿಡಿದು ಸಾಗಬೇಕು. ಎಷ್ಟು ಓರೆ ಎಂಬುದನ್ನು ಕೆಲವು ದಿನಗಳ ಅಭ್ಯಾಸದಿಂದ ಕೈಯೇ ಅರಿತುಕೊಳ್ಳುತ್ತದೆ.

ಒಳಗಿನ ಕಿಂಡಿಗಳನ್ನು ಕೊರೆಯಲು ಮೊದಲು ಬೈರಿಗೆಯಿಂದ ಸಣ್ಣ ರಂಧ್ರ ಮಾಡಿ, ಅಲಗಿನ ಒಂದು ತುದಿಯನ್ನು ಬಿಚ್ಚಿ ಅದರಲ್ಲಿ ತೂರಿಸಿ, ಮರಳಿ ಬಿಗಿಯಬೇಕು. ನಲವತ್ತು ಕಿಂಡಿಗಳ ಜಾಲರಿಯಾದರೆ ನಲವತ್ತು ಸಲ ಬಿಚ್ಚಿ ಬಿಗಿಯುವ ಕೆಲಸ. ಅವಸರದ ಮನುಷ್ಯನಿಗೆ ಇದು ಹೇಳಿಸಿದ್ದಲ್ಲ. ಮೊದಲು ಒಳಗಿನ ಕಿಂಡಿಗಳು, ಕೊನೆಗೆ ಹೊರಗಿನ ಅಂಚು. ಅಂಚನ್ನು ಮೊದಲೇ ಕೊರೆದರೆ ಹಿಡಿಯಲು ಆಸರೆಯಿಲ್ಲದೆ ನಾಜೂಕಾದ ಭಾಗ ಮುರಿಯುವುದು. ಚೂಪಾದ ಮೂಲೆಯಲ್ಲಿ ಮುಂದೊತ್ತುವುದನ್ನು ನಿಲ್ಲಿಸಿ, ಅಲಗು ಆಡುತ್ತಿರುವಂತೆಯೇ ಹಲಗೆಯನ್ನು ನಿಂತಲ್ಲಿ ತಿರುಗಿಸಬೇಕು.

ಮಕ್ಕಳಿರುವ ಮನೆಯಲ್ಲಿ ಮೊದಲ ಕೆಲಸವಾಗಿ ಭೂಪಟವನ್ನು ಕೊರೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಇದಕ್ಕೆ ಇತಿಹಾಸದ ಬೆಂಬಲವೂ ಇದೆ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆಗಾರನು ಭೂಪಟವನ್ನು ಮಹಾಗನಿ ಹಲಗೆಗೆ ಅಂಟಿಸಿ, ದೇಶಗಳ ಗಡಿಗುಂಟ ಕೊರೆದು, ಬಾಲಕರಿಗೆ ಭೂಗೋಳ ಕಲಿಸುವ ಸಾಧನವಾಗಿ ಮಾರಿದನು. ನಾವು ತೆಳುವಾದ ಪ್ಲೈವುಡ್ಡಿನ ಮೇಲೆ ಕರ್ನಾಟಕದ ಭೂಪಟವನ್ನು ಅಂಟಿಸಿ ಜಿಲ್ಲೆಜಿಲ್ಲೆಗಳನ್ನು ಬೇರ್ಪಡಿಸಬಹುದು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ತುಂಡುಗಳು 31. ಬೀದರಿನ ತುಂಡನ್ನು ಕೈಯಲ್ಲಿ ಹಿಡಿದು ನೆತ್ತಿಯ ಮೇಲೆ ಕೂಡಿಸಿದ ಮಗು ಬೀದರ ಎಲ್ಲಿದೆಯೆಂದು ಮತ್ತೆ ಕೇಳಲಾರದು. ಕೊರೆಯುವ ಕೆಲಸ ಮಾತ್ರ ಹಿರಿಯರದು. ಉಪ್ಪುಕಾಗದದಿಂದ ಅಂಚು ತಿಕ್ಕುವುದು, ಬಣ್ಣ ಹಚ್ಚುವುದು ಮಕ್ಕಳದಾಗಲಿ.

ಹೊಟ್ಟಿನ ವಿಷಯದಲ್ಲಿ ತಾಯಂದಿರು ಕಟ್ಟುನಿಟ್ಟಾಗಿರಬೇಕು. ಕಟ್ಟಿಗೆಯ ನುಣ್ಣನೆಯ ಧೂಳು ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿಯೇ ಸಾರಿದೆ. ಬೀಟೆಯ ಧೂಳು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಆದುದರಿಂದ ಅಡುಗೆಮನೆ, ಮಲಗುವ ಕೋಣೆಗಳಲ್ಲಿ ಈ ಕೆಲಸ ಬೇಡ. ಗಾಳಿಯಾಡುವ ಪಡಸಾಲೆಯೇ ಲೇಸು. ಮೂಗುಬಾಯಿಗೆ ಧೂಳು ತಡೆಯುವ ಮಾಸ್ಕ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ತುಂಡಾದ ಅಲಗು ಎತ್ತ ಹಾರುವುದೆಂದು ಹೇಳಲಾಗದು.

ಇಷ್ಟು ಅಭ್ಯಾಸ ಮಾಡಿದವರು ಒಮ್ಮೆ ಮೈಸೂರಿಗೆ ಹೋಗಬೇಕು. 1897ರಿಂದ 1912ರವರೆಗೆ ಕಟ್ಟಿದ ಅಲ್ಲಿಯ ಅರಮನೆಯ ಅಂಬಾವಿಲಾಸದ ಬೀಟೆಯ ಬಾಗಿಲಿನಲ್ಲಿ ದಂತದ ಕುಸುರಿಯನ್ನು ಕಾಣಬಹುದು. 1986 ಹಾಗೂ 1991ರ ಕಾನೂನು ತಿದ್ದುಪಡಿಗಳಿಂದ ನಮ್ಮ ದೇಶದಲ್ಲಿ ದಂತದ ವ್ಯಾಪಾರ ನಿಂತಿತು. ನಿಂತದ್ದು ಸರಿಯಾದದ್ದೇ, ಕುಸುರಿಗಾಗಿ ಆನೆ ಸಾಯಬೇಕಿಲ್ಲ. ಇಂದಿನ ಮೈಸೂರಿನ ಕೆತ್ತು ಜೋಡಣೆಯಲ್ಲಿ ಬಣ್ಣವೆಲ್ಲ ಮರಗಳದೇ. ಹಲಸಿನ ಹಳದಿ, ಬೇರೆ ಬೇರೆ ಮರಗಳ ಬಿಳುಪು, ಕೆಂಪು, ಕಂದು. ಕುಶಲಕರ್ಮಿಯು ಪ್ರತಿ ಎಲೆಯನ್ನೂ ದಳವನ್ನೂ ಸಣ್ಣ ಗರಗಸದಿಂದ ಕೊರೆದು, ಬೀಟೆಯ ಹಲಗೆಯ ಮೇಲೆ ಅದರ ಅಂಚನ್ನು ಗೀಚಿ, ಉಳಿಯಿಂದ ಅಷ್ಟೇ ಕುಳಿ ತೋಡಿ, ಅಂಟು ಹಚ್ಚಿ ಕೂಡಿಸುತ್ತಾನೆ. ಬೀಟೆಯಾದರೂ ಈಗ ಸುಲಭಸಾಧ್ಯವಲ್ಲ. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವೂ ಒಪ್ಪಂದವೊಂದರ ನಿಯಂತ್ರಣಕ್ಕೆ ಒಳಪಟ್ಟಿದೆ. ಹವ್ಯಾಸಿಗಳು ಅದರ ಗೊಡವೆಗೆ ಹೋಗದೆ ಹಲಸು, ಬೇವು, ಹಳೆಯ ಸಾಗುವಾನಿ ಪೆಟ್ಟಿಗೆಯ ಹಲಗೆಗಳಿಂದ ತೃಪ್ತರಾಗುವುದು ಮೇಲು.

ಇಂಥ ಫಲಕದ ಬೆಲೆ ಕೇಳಿ ಹುಬ್ಬೇರಿಸುವವರೇ ಬಹಳ. ಲೇಸರ್ ಕಿರಣದ ಯಂತ್ರವು ಇಂಥದೇ ಜಾಲರಿಯನ್ನು ಕೆಲವೇ ನಿಮಿಷಗಳಲ್ಲಿ ಕೊರೆದು ಕೊಡುತ್ತಿರುವಾಗ ಕೈಕೆಲಸಕ್ಕೆ ಅಷ್ಟೇಕೆ ಕೊಡಬೇಕೆಂಬ ವಾದವೂ ಕೇಳಿಬರುತ್ತದೆ. ಯಂತ್ರವನ್ನು ನಾನು ಹಳಿಯುವುದಿಲ್ಲ. ಅಗ್ಗದ ವಸ್ತು ಬೇಕಾದವರಿಗೆ ಅದು ಒದಗಲಿ. ಆದರೆ ಒಂದನ್ನು ಇನ್ನೊಂದೆಂದು ಮಾರುವಂತಾದರೆ ಕುಶಲಕರ್ಮಿಯ ಮಕ್ಕಳು ಗರಗಸ ಹಿಡಿಯಲಾರರು. ಅವನನ್ನು ಉಳಿಸಬಲ್ಲವನು ವ್ಯತ್ಯಾಸ ಬಲ್ಲ ಗಿರಾಕಿಯೇ. ತನ್ನ ಪಡಸಾಲೆಯಲ್ಲಿ ಒಂದು ಮಾವಿನೆಲೆಯನ್ನಾದರೂ ಗೆರೆಗುಂಟ ಕೊರೆದು ನೋಡಿದವನಿಗೆ ಆ ಕಣ್ಣು ಬಂದಿರುತ್ತದೆ. ಅಂಗಡಿಯಲ್ಲಿ ಜಾಲರಿಯನ್ನು ಎತ್ತಿಕೊಂಡಾಗ ಅವನು ಮೊದಲು ನೋಡುವುದು ಚಿತ್ರವನ್ನಲ್ಲ, ಕಿಂಡಿಯ ಒಳಬದಿಯನ್ನು. ಅದು ಸುತ್ತಲೂ ಒಂದೇ ಸಮನೆ ಸುಟ್ಟು ಕಂದಾಗಿದ್ದರೆ ಲೇಸರಿನದು. ಕಟ್ಟಿಗೆಯ ಸಹಜ ಬಣ್ಣವಿದ್ದು, ಬೆಳಕಿಗೆ ಹಿಡಿದಾಗ ಹಲ್ಲಿನ ಸಣ್ಣ ಗೀರುಗಳು ಕಂಡರೆ ಗರಗಸದ್ದು.